ಕೆಲಸಕ್ಕೆ ಅವರು, ಕುರ್ಚಿಗೆ ಇನ್ನೊಬ್ಬರು

ಈಗಷ್ಟೇ ಇಲ್ಲಿ ಅಮೆರಿಕದ ನಮ್ಮೂರಿನ ಸ್ಕೂಲ್ ಬೋರ್ಡ್ ಮೀಟಿಂಗ್‌ನಿಂದ ಬಂದೆ. ಮೈಯೆಲ್ಲ ಉರಿಯುತ್ತಿದೆ. ಉರಿಯುವುದು ಗೊತ್ತಿದ್ದೂ ಯಾಕೆ ಹೋಗ್ತೀಯ ಅಂತ ಕೇಳಬೇಡಿ, ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ.

ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ಹಂಗಾಮಿ ಸೂಪರಿಂಟೆಂಡೆಂಟ್, ಅಂದರೆ ಬೋರ್ಡ್ ನೇಮಿಸುವ ಎಲ್ಲ ಶಾಲೆಗಳ ಮುಖ್ಯಸ್ಥೆ, ಒಬ್ಬ ಕಪ್ಪು ಮಹಿಳೆ. ಹಿಂದಿನವರು ಬಜೆಟ್ ಹಾಳು ಮಾಡಿ ಕೈ ತೊಳೆದುಕೊಂಡಾಗ ಎಲ್ಲರೂ ಇವರ ಕಡೆಗೇ ನೋಡಿದ್ದು. ಬಸ್ ರೂಟ್ ಸರಿ ಮಾಡಿದರು. ಟೀಚರ್ಸ್ ಯೂನಿಯನ್ ಜೊತೆ ಕೂತು ಒಪ್ಪಂದಕ್ಕೆ ಬಂದರು. ಇವತ್ತು ಕಾಯಂ ಹುದ್ದೆ ಹೊರಗಿನಿಂದ ಬಂದ ಬಿಳಿ ಗಂಡಸಿಗೆ ಹೋಯಿತು! ಇವರಿಗೆ ಹೂಗುಚ್ಛ. ಆಕೆ ಅದನ್ನು ಕುರ್ಚಿ ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು, ಅಜೆಂಡಾದ ಮುಂದಿನ ವಿಷಯ ಓದಿದರು: ಮಿಡ್ಲ್ ಸ್ಕೂಲ್ ಚಾವಣಿ ರಿಪೇರಿ.

ಕಾರಣ? 'ಹೈಸ್ಕೂಲ್ ನಡೆಸಿದ ಅನುಭವ ಇಲ್ಲ.' ಅಮೆರಿಕದಲ್ಲಿ ಹೆಂಗಸರನ್ನು ಹೆಚ್ಚಾಗಿ ಪ್ರೈಮರಿ ಶಾಲೆಗೆ ಪ್ರಿನ್ಸಿಪಾಲ್ ಮಾಡ್ತಾರೆ. ಆಮೇಲೆ ಹೈಸ್ಕೂಲ್ ಅನುಭವ ಎಲ್ಲಿ ಅಂತ ಕೇಳ್ತಾರೆ. ಇಲ್ಲಿ ಟೀಚರ್‌ಗಳಲ್ಲಿ ಮುಕ್ಕಾಲು ಪಾಲು ಹೆಂಗಸರು. ಸೂಪರಿಂಟೆಂಡೆಂಟ್‌ಗಳಲ್ಲಿ ಸುಮಾರು ಕಾಲು ಭಾಗ. ಅದರಲ್ಲೂ ಬಿಳಿಯರಲ್ಲದವರು ತೀರಾ ಕಡಿಮೆ.

ಇದೇನು ಇವತ್ತಿನ ಕಥೆಯಲ್ಲ. 1908ರಲ್ಲಿ ವರ್ಜೀನಿಯಾದ ಹೆನ್ರೈಕೊ ಕೌಂಟಿಯಲ್ಲಿ ವರ್ಜೀನಿಯಾ ರಾಂಡಾಲ್ಫ್ ಅನ್ನುವ ಟೀಚರ್‌ಗೆ ಕಪ್ಪು ಮಕ್ಕಳ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳ ಮೇಲ್ವಿಚಾರಣೆ ವಹಿಸಿದರು. ಆಕೆಯ ಅಪ್ಪ ಅಮ್ಮ ಗುಲಾಮಗಿರಿಯಲ್ಲಿ ಹುಟ್ಟಿದವರು. ಫಿಲಡೆಲ್ಫಿಯಾದ ಆನಾ ಜೀನ್ಸ್ ಕೊಟ್ಟ ದೇಣಿಗೆಯಿಂದ ನಡೆದ ಯೋಜನೆ ಅದು. ಮುಂದೆ ದಕ್ಷಿಣದ ರಾಜ್ಯಗಳಲ್ಲೆಲ್ಲ ಇಂಥ 'ಜೀನ್ಸ್ ಟೀಚರ್'ಗಳು ಬಂದರು, ಬಹುತೇಕ ಕಪ್ಪು ಹೆಂಗಸರು. ಟೀಚರ್‌ಗಳಿಗೆ ತರಬೇತಿ ಕೊಟ್ಟರು, ಶಾಲೆ ಕಟ್ಟಡಕ್ಕೆ ಊರೂರು ತಿರುಗಿ ಹಣ ಎತ್ತಿದರು. ಎಷ್ಟೋ ಕೌಂಟಿಗಳಲ್ಲಿ ಕಪ್ಪು ಮಕ್ಕಳ ಪಾಲಿಗೆ ಸೂಪರಿಂಟೆಂಡೆಂಟ್ ಅಂದರೆ ಇವರೇ. ಆ ಹುದ್ದೆ ಮಾತ್ರ ಬಿಳಿಯರ ಕೈಯಲ್ಲಿ. ಬಿಳಿ, ಕಪ್ಪು ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಕೂಡದು ಅನ್ನುವ 1954ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಶಾಲೆಗಳು ಒಂದಾದಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಶಾಲೆಗಳು, ಕೆಲಸ ಕಳೆದುಕೊಂಡಿದ್ದು ಸಾವಿರಾರು ಕಪ್ಪು ಟೀಚರ್, ಪ್ರಿನ್ಸಿಪಾಲ್‌ಗಳು.

ನ್ಯೂಯಾರ್ಕ್ ನೋಡಿ. ಅಲ್ಲಿನ ಶಾಲೆಗಳಿಗೆ ಮೊದಲ ಕಪ್ಪು ಮಹಿಳಾ ಚಾನ್ಸಲರ್ (ಅಲ್ಲಿ ಸೂಪರಿಂಟೆಂಡೆಂಟ್‌ಗೆ ಆ ಹೆಸರು) ಆಗಿ ಮೀಶಾ ಪೋರ್ಟರ್ ಬಂದಿದ್ದು 2021ರ ಮಾರ್ಚ್‌ನಲ್ಲಿ. ಕೋವಿಡ್ ಕಾಲ, ಚಾನ್ಸಲರ್‌ರನ್ನು ನೇಮಿಸುವ ಮೇಯರ್ ಅವಧಿಯ ಕೊನೆಯ ವರ್ಷ. ಮುಚ್ಚಿದ್ದ ಶಾಲೆ ಮತ್ತೆ ತೆರೆಸುವ ತಲೆನೋವೆಲ್ಲ ಅವರದು. ಡಿಸೆಂಬರ್‌ಗೆ ಮನೆಗೆ.

ನಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪ್‌ನಲ್ಲಿ ಹೇಳಿಕೊಂಡರೆ ಒಬ್ಬ ಮಹಾನುಭಾವರ ಉತ್ತರ: 'ಮೆರಿಟ್ ಇದ್ದವರಿಗೆ ಸಿಗುತ್ತೆ ಬಿಡಿ ಮೇಡಂ. ಶಿಕಾಗೋದಲ್ಲಿ ಏನಾಯ್ತು ನೋಡಿಲ್ವಾ?'

ನೋಡಿದ್ದೀನಿ ಸಾರ್. ಅಲ್ಲಿನ ಶಾಲೆಗಳ ಮುಖ್ಯಸ್ಥೆಯಾಗಿದ್ದ ಕಪ್ಪು ಮಹಿಳೆ ಬಾರ್ಬರಾ ಬರ್ಡ್-ಬೆನೆಟ್ ಲಂಚದ ಕೇಸಲ್ಲಿ 2015ರಲ್ಲಿ ತಪ್ಪೊಪ್ಪಿಕೊಂಡರು, ಜೈಲಿಗೂ ಹೋದರು. ಆಗಬೇಕಾದ್ದೇ. ಆಮೇಲೆ ಬಂದ ಬಿಳಿ ಗಂಡಸು ಫಾರೆಸ್ಟ್ ಕ್ಲೇಪೂಲ್, ತನಿಖೆಯಲ್ಲಿ ಸುಳ್ಳು ಹೇಳಿದರು ಅಂತ ಶಾಲೆಗಳ ಅಕ್ರಮ ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ವರದಿ ಕೊಟ್ಟ ಮೇಲೆ 2017ರಲ್ಲಿ ರಾಜೀನಾಮೆ ಕೊಟ್ಟರು. ಅದನ್ನು ಯಾಕೆ ಫಾರ್ವರ್ಡ್ ಮಾಡಲಿಲ್ಲ? ಆಗ ಕಸ ಗುಡಿಸಲು ಕರೆದಿದ್ದು ಜಾನಿಸ್ ಜಾಕ್ಸನ್ ಅವರನ್ನು. ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಓದಿ, ಹೈಸ್ಕೂಲ್ ಪ್ರಿನ್ಸಿಪಾಲ್ ಕೂಡ ಆಗಿದ್ದ ಕಪ್ಪು ಮಹಿಳೆ. ಅವರೂ ಮೊದಲು ಹಂಗಾಮಿಯೇ!

ಸಿಟ್ಟು ಇಷ್ಟು ಜಾಸ್ತಿ ಯಾಕೆ ಅಂದ್ರೆ, ಇದು ಬರೀ ಆಕೆಗಾಗಿ ಬಂದ ಸಿಟ್ಟಲ್ಲ. ನನ್ನ ಆಫೀಸಲ್ಲೂ ಬಾಸ್ ರಜೆ ಹಾಕಿದರೆ ಟೀಮ್ ನೋಡಿಕೊಳ್ಳುವವಳು ನಾನು. ಪ್ರಮೋಷನ್ ಮಾತು ಬಂದ ತಕ್ಷಣ ನಾನು 'ತುಂಬಾ ಒಳ್ಳೆ ಟೀಮ್ ಪ್ಲೇಯರ್'. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಲ್ಲ ಇವತ್ತು ಹೊರಗೆ ಬಂತು.

ನವೆಂಬರ್‌ನಲ್ಲಿ ಬೋರ್ಡ್ ಚುನಾವಣೆ ಇದೆ. ಮನೆ ಕೊಳ್ಳುವಾಗ ಸ್ಕೂಲ್ ರೇಟಿಂಗ್ ಹತ್ತಕ್ಕೆ ಎಷ್ಟು ಅಂತ ಜಾತಕ ನೋಡಿದ ಹಾಗೆ ನೋಡುವ ನಮ್ಮವರು ಅದಕ್ಕೂ ಬನ್ನಿ. ವೋಟ್ ಇಲ್ಲದವರು ಮುಂದಿನ ಮೀಟಿಂಗ್‌ಗಾದರೂ ಬಂದು ಮೈಕ್ ಹಿಡಿಯಿರಿ. ಹೆಸರು ಮೊದಲೇ ಬರೆಸಬೇಕು. ಪಾರ್ಕಿಂಗ್ ಫ್ರೀ.