10ಕ್ಕೆ 10 ಕೊಡಿ ಸಾರ್, ಪ್ಲೀಸ್

ಈಗಷ್ಟೇ ಸ್ಕೂಟರ್ ಸರ್ವಿಸ್ ಮಾಡಿಸಿಕೊಂಡು ಬಂದು ಕೂತಿದ್ದೇನೆ. ತಲೆ ಕೆಟ್ಟಿದೆ. ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಸರ್ವಿಸ್ ಸೆಂಟರ್ ಅಂತ ಕೇಳಬೇಡಿ, ಹೇಳೋದಿಲ್ಲ.

ಬ್ರೇಕ್ ಹಿಡಿದರೆ ಕಿರ್ ಅನ್ನುತ್ತಿತ್ತು. ಸರ್ವಿಸ್ ಆದ ಮೇಲೂ ಕಿರ್ ಅನ್ನುತ್ತಿದೆ. ಸಿಟ್ಟು ಅದಕ್ಕಲ್ಲ. ಗಾಡಿ ಕೊಡುವಾಗ ಅಲ್ಲಿನ ಹುಡುಗ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ಸಾರ್, ಸಂಜೆ ಒಂದು ಫೋನ್ ಬರತ್ತೆ. 10ಕ್ಕೆ 10 ಅಂದುಬಿಡಿ ಸಾರ್. 9 ಆದ್ರೂ ನಡಿಯತ್ತೆ. 8 ಮಾತ್ರ ಬೇಡ, ನನ್ನ ಇನ್ಸೆಂಟಿವ್ ಹೋಗತ್ತೆ."

"ಮತ್ತೆ ಬ್ರೇಕು?" ಅಂದೆ.

"ಮುಂದಿನ ವಾರ ತನ್ನಿ ಸಾರ್, ನಾನೇ ನಿಂತು ಮಾಡಿಸ್ತೀನಿ. ಫೋನಲ್ಲಿ ಮಾತ್ರ ಹೇಳ್ಬೇಡಿ."

ಹುಡುಗನ ಮೇಲೆ ನನಗೆ ಒಂದು ಚೂರೂ ಕೋಪ ಇಲ್ಲ. ಮನೆಯಲ್ಲಿ ಯಾರ್ಯಾರು ಅವನ ಸಂಬಳ ಕಾಯುತ್ತಿದ್ದಾರೋ. ನನ್ನ ಕೋಪ ಆ ಫೋನು ಮಾಡಿಸುವವರ ಮೇಲೆ.

ಈ ಸೆಂಟರಿನಲ್ಲಿ ಇತ್ತೀಚೆಗೆ "ಬದಲಾವಣೆ" ಬಂದಿದೆ. ಮೊದಲು ಸೀದಾ ಮೆಕ್ಯಾನಿಕ್ ಹತ್ತಿರ ಹೋಗಿ, ಇಲ್ಲಿ ಶಬ್ದ ಬರ್ತಿದೆ ಕಣಪ್ಪಾ ಅಂದರೆ ಅವನು ಗಾಡಿ ಹತ್ತಿ ಒಂದು ರೌಂಡ್ ಹೊಡೆದು ಬರುತ್ತಿದ್ದ. ಈಗ ಮೆಕ್ಯಾನಿಕ್ ಗಾಜಿನ ಆಚೆ. ಈಚೆ ಟ್ಯಾಬ್ ಹಿಡಿದ ಹುಡುಗ. ನಾನು ಐದು ನಿಮಿಷ ವಿವರಿಸಿದ್ದು ಆಚೆ ಹೋಗುವಷ್ಟರಲ್ಲಿ "ಜನರಲ್ ಚೆಕಪ್" ಆಗಿರುತ್ತದೆ. ಈ ಬದಲಾವಣೆ ಸರಿ ಹೋಯ್ತಾ ಇಲ್ವಾ ಅಂತ ಹೆಡ್ ಆಫೀಸಿಗೆ ಗೊತ್ತಾಗೋದು ಹೇಗೆ? ಅದೇ ಸಂಜೆಯ ಫೋನಿನಿಂದ. ಫೋನಿನಲ್ಲಿ ಎಲ್ಲರೂ 10 ಅಂದಿದ್ದಾರೆ. ಹಾಗಾದರೆ ಬದಲಾವಣೆ ಭರ್ಜರಿ ಯಶಸ್ಸು! ಯಾರಿಗೋ ಪ್ರಮೋಷನ್ ಕೂಡ ಸಿಕ್ಕಿರಬಹುದು.

ಈ 10ರ ಲೆಕ್ಕಕ್ಕೆ ನೆಟ್ ಪ್ರಮೋಟರ್ ಸ್ಕೋರ್ ಅಂತಾರೆ, ಚಿಕ್ಕದಾಗಿ ಎನ್‌ಪಿಎಸ್. ಅಮೆರಿಕದ ಬೇನ್ ಸಲಹಾ ಸಂಸ್ಥೆಯ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು. ಒಂದೇ ಪ್ರಶ್ನೆ: ನಮ್ಮ ಬಗ್ಗೆ ಸ್ನೇಹಿತರಿಗೆ ಹೇಳ್ತೀರಾ, 0ಯಿಂದ 10ರೊಳಗೆ ಎಷ್ಟು? 9, 10 ಕೊಟ್ಟವರು ಅಭಿಮಾನಿಗಳು. 7, 8 ಕೊಟ್ಟವರು ಲೆಕ್ಕಕ್ಕಿಲ್ಲ. 6 ಮತ್ತು ಅದಕ್ಕಿಂತ ಕೆಳಗಿನವರೆಲ್ಲ ಊರ ತುಂಬ ಬಯ್ದುಕೊಂಡು ತಿರುಗುವವರು. ಮೊದಲನೆಯವರ ಪರ್ಸೆಂಟಿನಲ್ಲಿ ಕೊನೆಯವರ ಪರ್ಸೆಂಟ್ ಕಳೆದರೆ ಸ್ಕೋರ್.

60 ಪರ್ಸೆಂಟಿಗೆ ಫಸ್ಟ್ ಕ್ಲಾಸ್ ಅಂತ ಬೀದಿಗೆಲ್ಲ ಪೇಡ ಹಂಚಿದ ಕಾಲದವರು ನಾವು. ನಮ್ಮ ಕನ್ನಡ ಮೇಷ್ಟ್ರು 10ಕ್ಕೆ 8 ಹಾಕಿದರೆ ಪೇಪರನ್ನು ಅಜ್ಜಿಗೂ ತೋರಿಸುತ್ತಿದ್ದೆವು. ನಾನು ಖುಷಿಯಾಗಿ 8 ಕೊಟ್ಟರೆ ಲೆಕ್ಕಕ್ಕಿಲ್ಲವಂತೆ, 6 ಕೊಟ್ಟರೆ ಶತ್ರುವಂತೆ!

ಲೆಕ್ಕ ಹಾಕಿ ನೋಡಿ. 100 ಗಿರಾಕಿಗಳು, ಎಲ್ಲರೂ 8 ಕೊಟ್ಟರು. ಯಾರಿಗೂ ದೊಡ್ಡ ತಕರಾರಿಲ್ಲ. ಸ್ಕೋರ್ ಸೊನ್ನೆ. ಇನ್ನೊಂದು ಅಂಗಡಿಯಲ್ಲಿ 60 ಜನ 10 ಕೊಟ್ಟರು, 40 ಜನ ಉಗಿದು 0 ಕೊಟ್ಟರು. ಸ್ಕೋರ್ 20. ಎರಡನೇ ಅಂಗಡಿಯೇ ಮುಂದೆ. ನೂರಕ್ಕೆ ನಲವತ್ತು ಜನ ಉಗಿದ ಅಂಗಡಿ!

ನಾನು ಪೀಣ್ಯದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದವನು ಅಂತ ಇಲ್ಲಿನ ಹಳಬರಿಗೆ ಗೊತ್ತು. ಅಲ್ಲೂ ಇದೇ ನಾಟಕ. ರಿಜೆಕ್ಟ್ ಆದ ಪೀಸು ಕೆಂಪು ಬಿನ್ನಿಗೆ ಹೋಗಬೇಕು. ತಿಂಗಳ ಕೊನೆ ಬಂತು, ರಿಜೆಕ್ಷನ್ ಪರ್ಸೆಂಟ್ ಜಾಸ್ತಿ ಕಾಣಬಾರದು. ಸರಿ, ಕೆಂಪು ಬಿನ್ನಿನ ಪೀಸುಗಳು "ರೀವರ್ಕ್", ಅಂದರೆ ಮತ್ತೆ ಸರಿಮಾಡಬಹುದಾದವು, ಅಂತ ಹಳದಿ ಬಿನ್ನಿಗೆ. ಒಂದನೇ ತಾರೀಕಿಗೆ ಮತ್ತೆ ಕೆಂಪಿಗೆ. ಮೀಟಿಂಗಿನಲ್ಲಿ ಚಾರ್ಟ್ ಚೆಂದ ಇಳಿಯುತ್ತಿತ್ತು. ಚಪ್ಪಾಳೆ. ಜ್ವರ ಬಂದಾಗ ಥರ್ಮಾಮೀಟರಿಗೆ ಐಸ್ ಇಟ್ಟ ಹಾಗೆ.

ಸಣ್ಣ ಕಾರ್ಖಾನೆಗಳ ಚಾಳಿ ಅಂದುಕೊಳ್ಳಬೇಡಿ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಕತೆ ನೆನಪಿದೆಯಾ? ಒಬ್ಬೊಬ್ಬ ಗಿರಾಕಿಯ ಮನೆಗೆ ಬ್ಯಾಂಕಿನ 8 ಉತ್ಪನ್ನ ಮಾರಬೇಕು ಅನ್ನೋದು ಗುರಿ. ಖಾತೆ, ಕಾರ್ಡು, ಸಾಲ, ಏನಾದರೂ ಸರಿ, 8 ಆಗಬೇಕು. ಬ್ರಾಂಚಿನ ಸಿಬ್ಬಂದಿಗೆ ದಿನಾ ಟಾರ್ಗೆಟ್. ಏನು ಮಾಡಿದರು? ಗಿರಾಕಿಗೆ ಹೇಳದೆಯೇ ಖಾತೆ ತೆರೆದರು. 2016ರಲ್ಲಿ ಬಯಲಾಯಿತು, 18.5 ಕೋಟಿ ಡಾಲರ್ ದಂಡ ಬಿತ್ತು. ಆಮೇಲೆ ಬ್ಯಾಂಕೇ ಲೆಕ್ಕ ಹಾಕಿಸಿದಾಗ ಇಂಥ ಖಾತೆಗಳು 35 ಲಕ್ಷದವರೆಗೆ ಇರಬಹುದು ಅಂತ ಬಂತು. ಕೆಲಸ ಕಳೆದುಕೊಂಡವರು ಸುಮಾರು 5,300 ಜನ, ಹೆಚ್ಚಿನವರು ಕೆಳಗಿನವರೇ. ಹಗರಣ ಹೊರಬರುವವರೆಗೆ, ಒಬ್ಬೊಬ್ಬ ಗಿರಾಕಿಗೆ ಎಷ್ಟು ಉತ್ಪನ್ನ ಮಾರಿದೆವು ಅನ್ನುವ ಅಂಕಿಯನ್ನು ಬ್ಯಾಂಕು ಷೇರುದಾರರ ಮುಂದೆ ಹೆಮ್ಮೆಯಿಂದ ಇಡುತ್ತಿತ್ತು. ಅಳತೆ ಚೆನ್ನಾಗಿಯೇ ಇತ್ತು ಸ್ವಾಮಿ, ಅದರ ಹಿಂದೆ ಗಿರಾಕಿಯೇ ಇರಲಿಲ್ಲ.

ಈಗ ನನ್ನ ಮಗಳು ಇದನ್ನು ಓದಿ ಬಯ್ಯುತ್ತಾಳೆ. ಅವಳ ಕೆಲಸವೇ ಕಂಪನಿಗಳಿಗೆ ಡ್ಯಾಶ್‌ಬೋರ್ಡ್, ಅಂದರೆ ಅಂಕಿಗಳನ್ನೆಲ್ಲ ಚಾರ್ಟಾಗಿ ತೋರಿಸುವ ಪರದೆ, ಮಾಡಿಕೊಡೋದು. ಹೌದು, ನಮ್ಮನೆಯಲ್ಲೇ ಒಬ್ಬಳು. ನಮ್ಮ ಹೌಸಿಂಗ್ ಲೋನಿನ ಅರ್ಧ ಕಂತು ಕಟ್ಟುತ್ತಿರುವುದು ಇಂಥ ಕೆಂಪು ಹಸಿರು ಚಾರ್ಟುಗಳೇ. ಅವಳ ವಾದ ಒಂದೇ. "ಅಳೀದೆ ಕಂಪನಿ ನಡೆಸೋಕಾಗತ್ತಾ ಅಪ್ಪಾ? ನೀನೂ ಜೀವನಪೂರ್ತಿ ಅಳೆದೇ ಅಲ್ವಾ ಸಂಬಳ ತಗೊಂಡಿದ್ದು?"

ಸರಿ ತಾಯಿ. ಅಳೀಬೇಡಿ ಅಂದವರು ಯಾರು? ಅಳತೆಯನ್ನು ಆ ಹುಡುಗನ ಸಂಬಳಕ್ಕೆ ಕಟ್ಟಬೇಡಿ ಅಂತಷ್ಟೇ ಹೇಳ್ತಿರೋದು. ಇನ್ಸೆಂಟಿವ್ ಇಲ್ಲದಿದ್ದರೆ ಯಾರೂ ಕೆಲಸ ಮಾಡಲ್ಲ ಅನ್ನುವವರೂ ಇದ್ದಾರೆ. ಅವನು ಕೆಲಸವನ್ನು ಮಾಡಿಯೇ ಮಾಡಿದ, 10 ಕೇಳುವ ಕೆಲಸ.

ಅಳೆಯೋದು ಹೇಗೆ ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನೋಡಿ. ಅಲ್ಲಿ ಜನರಲ್ ಮೋಟಾರ್ಸಿನ ಒಂದು ಕಾರ್ಖಾನೆಯಿತ್ತು. ಜನ ಕೆಲಸಕ್ಕೆ ಸರಿಯಾಗಿ ಬರುತ್ತಿರಲಿಲ್ಲ, ಬಂದರೆ ಜಗಳ. 1982ರಲ್ಲಿ ಬೀಗ ಹಾಕಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಅನ್ನುವ ಹೆಸರಲ್ಲಿ ಮತ್ತೆ ತೆರೆದರು. ಹೆಚ್ಚುಕಮ್ಮಿ ಅದೇ ಕೆಲಸಗಾರರು, ಅದೇ ಯೂನಿಯನ್ನು. ಕಾರು ಜೋಡಿಸುವ ಲೈನಿನ ಉದ್ದಕ್ಕೂ ಒಂದು ಹಗ್ಗ. ತಪ್ಪು ಕಂಡರೆ ಯಾರು ಬೇಕಾದರೂ ಎಳೆಯಬಹುದು, ಲೀಡರ್ ಓಡಿ ಬರುತ್ತಾನೆ. ಬಯ್ಯೋಕಲ್ಲ, ಕೈಜೋಡಿಸೋಕೆ. ಸರಿಹೋಗದಿದ್ದರೆ ಇಡೀ ಲೈನೇ ನಿಲ್ಲುತ್ತದೆ. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳ ಗುಣಮಟ್ಟಕ್ಕೆ ಅಮೆರಿಕವೇ ತಿರುಗಿ ನೋಡಿತು. ಅಲ್ಲೂ ಅಳೆಯುತ್ತಿದ್ದರು, ಹಗಲೂ ರಾತ್ರಿ ಅಳೆಯುತ್ತಿದ್ದರು. ಆದರೆ ಕೆಟ್ಟ ಸುದ್ದಿ ತಂದವನ ದುಡ್ಡು ಕತ್ತರಿಸುತ್ತಿರಲಿಲ್ಲ.

ನಮ್ಮ ಹುಡುಗನ ಕೈಯಲ್ಲಿ ಆ ಹಗ್ಗ ಇದ್ದಿದ್ದರೆ? ಬ್ರೇಕ್ ಸರಿಹೋಗಿಲ್ಲ ಅಂತ ಅವನೇ ಎಳೆಯುತ್ತಿದ್ದ. ಈಗ ಅವನು ಗಿರಾಕಿಯ ಬಾಯಿ ಮುಚ್ಚಿಸುತ್ತಿದ್ದಾನೆ, ಅದಕ್ಕೇ ಅವನಿಗೆ ಇನ್ಸೆಂಟಿವ್.

ತಮಾಷೆ ಅಂದರೆ, ಎನ್‌ಪಿಎಸ್ ಹುಟ್ಟಿಸಿದ ರೈಕ್‌ಹೆಲ್ಡ್ ಅವರಿಗೇ ಇದು ಬೇಸರ ತಂದಿದೆ. ಕಂಪನಿಗಳು ಇದನ್ನು ಕಂಡಕಂಡಂತೆ ಬಳಸಿ ಕೆಡಿಸಿವೆ ಅಂತ 2021ರಲ್ಲಿ ಬರೆದರು. ಜೊತೆಗೆ ಇನ್ನೊಂದು ಅಳತೆ ಸೂಚಿಸಿದರು: ವ್ಯಾಪಾರ ಬೆಳೆದದ್ದರಲ್ಲಿ ಮತ್ತೆ ಬಂದ ಹಳೆ ಗಿರಾಕಿಗಳು, ಅವರು ಹೇಳಿ ಕಳಿಸಿದವರು, ಇವರ ಪಾಲು ಎಷ್ಟು ಅಂತ ನೋಡಿ. ಹಳೆ ಗಿರಾಕಿಗಳದ್ದು ಲೆಕ್ಕದ ಪುಸ್ತಕದಲ್ಲೇ ಇರುತ್ತದೆ, ಹೊಸಬರನ್ನು ಯಾಕೆ ಬಂದಿರಿ ಅಂತ ಬಂದಾಗಲೇ ಕೇಳಿದರಾಯಿತು. ಸಂಜೆ ಫೋನ್ ಮಾಡಿ ಅಂಕ ಕೇಳಬೇಕಿಲ್ಲ.

ಇನ್ನೊಂದು ಮಾತು. ಹೊಸ ವ್ಯವಸ್ಥೆ ತಂದ ಮೊದಲ ಕೆಲವು ತಿಂಗಳು ದೂರುಗಳು ಜಾಸ್ತಿಯಾಗಬೇಕು. ಜನ ಹೊಸದಕ್ಕೆ ಒಗ್ಗುವಾಗ ಎಡವುತ್ತಾರೆ, ಅದು ಸಹಜ. ಹೊಸ ವ್ಯವಸ್ಥೆ ಬಂದ ಮರುದಿನದಿಂದಲೇ ಎಲ್ಲ ಹಸಿರು ಅಂದರೆ ನಾನಂತೂ ಆ ಚಾರ್ಟ್ ನಂಬೋದಿಲ್ಲ. ಮೊದಲು ಹಳದಿ ಬಿನ್ ತೆಗೆದು ನೋಡುತ್ತೇನೆ.

ಇದನ್ನು ಓದುವವರಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತವರು ಒಂದಿಬ್ಬರು ಇದ್ದೀರಿ, ಗೊತ್ತು. ಒಂದು ಸಲ ನಿಮ್ಮದೇ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಯಾರು ಅಂತ ಹೇಳಬೇಡಿ, ಸುಮ್ನೆ ಟೋಕನ್ ತಗೊಂಡು ಕೂತ್ಕೊಳ್ಳಿ. ಡ್ರೈವರನ್ನು ಮಾತ್ರ ಕಳಿಸಬೇಡಿ.