ಕುಕ್ಕಿಗೆ ಬಾಲವಿಲ್ಲ

ಇಂಗ್ಲೆಂಡಿನ ಸಹೋದ್ಯೋಗಿಯೊಬ್ಬರಿಗೆ ಮೇಲ್ ಬರೆಯುತ್ತಿದ್ದೆ. ಕೆಲಸದ ಮಾತು ಮುಗಿದ ಮೇಲೆ ಸುಮ್ನೆ ಇರಲಾರದೆ ಮನೆ ವಿಷಯಕ್ಕೆ ಇಳಿದೆ. ‘ನನ್ನ ಹೆಂಡತಿ ತುಂಬಾ ಒಳ್ಳೆಯ ಕುಕ್ಕರ್’ ಎಂದು ಇಂಗ್ಲಿಷಿನಲ್ಲಿ ಹೊಗಳಿದೆ. ಮರುದಿನ ಒಂದೇ ಸಾಲಿನ ಉತ್ತರ ಬಂತು: ‘ಗ್ಯಾಸಿನದೋ, ಕರೆಂಟಿನದೋ?’

ಬ್ರಿಟನ್ನಿನಲ್ಲಿ ಕುಕ್ಕರ್ ಅಂದರೆ ಒಲೆ. ಅಡುಗೆ ಮಾಡುವವರು ಬರೀ ಕುಕ್.

ನನ್ನ ತಪ್ಪೇನು ಹೇಳಿ. ಟೀಚ್ ಮಾಡುವವರು ಟೀಚರ್, ಡ್ರೈವ್ ಮಾಡುವವರು ಡ್ರೈವರ್. ಕುಕ್ ಮಾಡುವವರು ಕುಕ್ಕರ್ ಆಗಬೇಕು, ಅಲ್ವಾ? ಕನ್ನಡದ ‘ಗಾರ’ ಎಷ್ಟು ನಿಯತ್ತಿನದು ನೋಡಿ. ಹಾಡುಗಾರ, ಮಾತುಗಾರ, ಮೋಸಗಾರ, ಎಲ್ಲರೂ ಮನುಷ್ಯರೇ. ಅವರ ಸಾಲಿನಲ್ಲಿ ಪಾತ್ರೆ ಬಂದು ಕೂತದ್ದನ್ನು ನಾನಂತೂ ಕಂಡಿಲ್ಲ.

ಅವಮಾನ ತಡೆಯದೆ ನಿಘಂಟು ತೆರೆದೆ. ಇಂಗ್ಲಿಷಿನಲ್ಲಿ ಕುಕ್ ಎಂಬ ಆಳೇ ಮೊದಲು ಬಂದದ್ದು, ಲ್ಯಾಟಿನ್ ಮೂಲದಿಂದ. ಕ್ರಿಯಾಪದ ಹುಟ್ಟಿದ್ದು ಆಮೇಲೆ. ಆಳಿಗೆ ಹೆಸರು ಮೊದಲೇ ಇತ್ತಲ್ಲ, ‘ಅರ್’ ಬಾಲ ಬೇಕಾಗಲಿಲ್ಲ. ಅದು ಒಲೆ, ಪಾತ್ರೆಗಳ ಪಾಲಾಯಿತು. ಕಂಪ್ಯೂಟರ್‌ದು ಉಲ್ಟಾ ಕಥೆ. ಮೊದಲು ಆ ಪದಕ್ಕೆ ಕೂತು ಲೆಕ್ಕ ಹಾಕುವ ಮನುಷ್ಯ ಎಂದೇ ಅರ್ಥ. ಆಮೇಲೆ ಬಂದ ಯಂತ್ರ ಕೆಲಸದ ಜೊತೆ ಹೆಸರನ್ನೂ ಕಿತ್ತುಕೊಂಡಿತು. ಇನ್ನು ಪ್ರೆಷರ್ ಕುಕ್ಕರಿನ ಮುತ್ತಜ್ಜ, 1679ರಲ್ಲಿ ಡೆನಿಸ್ ಪಾಪಿನ್ ಮಾಡಿದ ಪಾತ್ರೆ. ಮೂಳೆಯನ್ನೂ ಮೆತ್ತಗೆ ಬೇಯಿಸುತ್ತಿದ್ದ ಅದರ ಹೆಸರು ಡೈಜೆಸ್ಟರ್. ಆ ಹೆಸರೇ ಉಳಿದಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು.

ಅಂದಿನಿಂದ ‘ಅರ್’ ಕಂಡರೆ ಭಯ. ಕಂಡಕಂಡಲ್ಲಿ ಕತ್ತರಿಸತೊಡಗಿದೆ. ಆ ಹೊತ್ತಿಗೇ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿ ಅದು ಕೂಗುವುದನ್ನೇ ಬಿಟ್ಟಿತ್ತು. ಹೊಸದು ತಂದಾಗಿತ್ತು. ಹಳೆಯದನ್ನು ಯಾರಾದರೂ ಕೊಂಡಾರು ಎಂದು ಅಕ್ಕಪಕ್ಕದವರ ವಾಟ್ಸಾಪ್ ಗುಂಪಿಗೆ ಇಂಗ್ಲಿಷಿನಲ್ಲೇ ಹಾಕಿದೆ: ‘ಹಳೆಯ ಕುಕ್ ಮಾರಾಟಕ್ಕಿದೆ. ಐದು ಲೀಟರ್. ಹತ್ತು ವರ್ಷದಿಂದ ನಮ್ಮ ಮನೆಯಲ್ಲೇ ಇದೆ. ಹಬೆ ಸೋರುತ್ತದೆ, ಕೂಗುವುದಿಲ್ಲ.’

ಎರಡು ನಿಮಿಷದಲ್ಲಿ ಹೆಂಡತಿ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು ಅಡುಗೆಮನೆಯಿಂದ ಬಂದಳು.

‘ರೀ, ಹತ್ತು ವರ್ಷದಿಂದ ಇಲ್ಲೇ ಇರೋದು ಸರಿ. ಕೂಗಲ್ಲ ಅಂತ ಯಾರು ಹೇಳಿದ್ದು ನಿಮಗೆ?’