ಮೈನಸ್ ಒಂದರ ಮಹಾತ್ಮೆ

ಲಿನಕ್ಸ್‌ನ ರೀಡ್ ಎಂಬ, ಡೇಟಾ ಓದಿಕೊಡೆಂದು ಕರ್ನಲ್ಲನ್ನು ಕೇಳುವ ಸಿಸ್ಟಮ್ ಕಾಲ್‌ಗೆ ಪೈಥಾನಿನಿಂದ ಕರೆಯುವಂತೆ ಸಿ ಭಾಷೆಯಲ್ಲಿ ಒಂದು ಹೊದಿಕೆ ಫಂಕ್ಷನ್, ಅಂದರೆ ರ‍್ಯಾಪರ್ ಬರೆದುಕೊಡಿ ಎಂದರೆ, ಯಾರಾದರೂ ಸರಿ, ಅರ್ಧ ಗಂಟೆ ಕೆಲಸ ಎನ್ನುತ್ತಾರೆ. ಬಫರ್ ಕೊಡು, ರೀಡ್ ಕರಿ, ಬಂದದ್ದನ್ನು ಬೈಟ್ಸ್ ಆಬ್ಜೆಕ್ಟ್ ಮಾಡಿ ಕೈಗಿಡು. ಅಷ್ಟೇ ತಾನೆ? ಪೈಥಾನಿನ ಮೂಲ, ಸಿಯಲ್ಲಿ ಬರೆದ ರೂಪವಾದ ಸಿಪೈಥಾನಿನಲ್ಲಿ ಇಂಥ ರ‍್ಯಾಪರುಗಳು ಒಕ್ಕಲಿರುವ ಪಾಸಿಕ್ಸ್‌ಮಾಡ್ಯೂಲ್ ಎಂಬ ಒಂದೇ ಫೈಲು 15,000 ಸಾಲು ದಾಟಿದೆ. ಅರ್ಧ ಗಂಟೆಯವರು ಅದನ್ನು ತೆರೆದು ನೋಡಿರುವುದಿಲ್ಲ.

ಯಡವಟ್ಟು ಮೊದಲಾಗುವುದು ಉತ್ತರ ಹಿಡಿಯುವ ವೇರಿಯಬಲ್‌ನಿಂದಲೇ. ರೀಡ್ ಕೊಡುವುದು ಮೈನಸ್ ಸಂಖ್ಯೆಯನ್ನೂ ಹಿಡಿಯಬಲ್ಲ ಎಸ್‌ಸೈಜ್_ಟಿ. ಮುಂದಿನ ಆ ಒಂದು 'ಎಸ್' ಕಣ್ಣಿಗೆ ಬೀಳದೆ, ಮೈನಸ್ಸೇ ಗೊತ್ತಿಲ್ಲದ ಸೈಜ್_ಟಿಯಲ್ಲಿ ಹಿಡಿದಿರೋ, 'ಆಗಲಿಲ್ಲ' ಎನ್ನಲು ಬಂದ -1 ಎಂಬುದು 64 ಬಿಟ್ ಯಂತ್ರದಲ್ಲಿ 18446744073709551615 ಆಗಿ ಮೆರೆಯುತ್ತದೆ. 'ಸೊನ್ನೆಗಿಂತ ಕಮ್ಮಿಯೇ?' ಎಂಬ ನಿಮ್ಮ ಪರೀಕ್ಷೆ ಎಂದೂ ನಿಜವಾಗುವುದಿಲ್ಲ. ಡಬ್ಲ್ಯೂ-ಎಕ್ಸ್‌ಟ್ರಾ ಎಂಬ ಆಯ್ಕೆ ಹಾಕಿ ಕಂಪೈಲ್ ಮಾಡಿದ್ದರೆ ಜಿಸಿಸಿ ಕಂಪೈಲರ್ ಎಚ್ಚರಿಸುತ್ತಿತ್ತು. ಆದರೆ ವಾರ್ನಿಂಗ್ ಓದುವ ಪುರುಸೊತ್ತು ಯಾರಿಗಿದೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ಮುಂದಿನ ಸಾಲು ಬೈಟ್ಸ್ ಆಬ್ಜೆಕ್ಟನ್ನು ಆ ಅಳತೆಗೆ ಹೊಲಿಯಲು ಹೊರಡುತ್ತದೆ. 'ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಸಂಖ್ಯೆ) ಸರಿಯಿಲ್ಲ' ಎಂದು ಹೇಳಬೇಕಿದ್ದ ಕಡೆ ಬಳಕೆದಾರನ ಮುಖಕ್ಕೆ ಸಿಸ್ಟಮ್‌ಎರರ್ ಬಡಿಯುತ್ತದೆ.

ರೀಡ್ ಕರೆಯುವ ಮುಂಚೆ ಪೈಥಾನ್ ಕೋಡನ್ನು ಒಮ್ಮೆಗೆ ಒಂದೇ ಥ್ರೆಡ್ ಓಡಿಸುವಂತೆ ಕಾಯುವ ಗಿಲ್ ಎಂಬ ಬೀಗ ಬಿಡಬೇಕು. ಬಿಡದಿದ್ದರೆ ಸಾಕೆಟ್ಟಿನ ಆಚೆಯವನು ಬಾಯಿ ಬಿಡುವ ತನಕ ಪ್ರೋಗ್ರಾಮಿನ ಥ್ರೆಡ್‌ಗಳೆಲ್ಲ ಕೈಕಟ್ಟಿ ನಿಂತಿರುತ್ತವೆ. ಬಿಡುವುದಕ್ಕೊಂದು, ಮತ್ತೆ ಹಿಡಿಯುವುದಕ್ಕೊಂದು ಮ್ಯಾಕ್ರೋ ಇವೆ. ಮೊದಲನೆಯದರ ಹೊಟ್ಟೆಯಲ್ಲಿ ಒಂದು ತೆರೆದ ಪುಷ್ಪಾವರಣ, ಎರಡನೆಯದರಲ್ಲಿ ಅದರ ಮುಚ್ಚಳ ಅಡಗಿದೆ. ಹಾಗಾಗಿ ನಡುವೆ ಡಿಕ್ಲೇರ್ ಮಾಡಿದ ವೇರಿಯಬಲ್ ಆಚೆ ಬಂದರೆ ನಾಪತ್ತೆ. ಇದನ್ನಾದರೂ ಕಂಪೈಲರ್ ಹಿಡಿಯುತ್ತದೆ. ನಡುವೆಯೇ ರಿಟರ್ನ್ ಬರೆದರೆ ಹಿಡಿಯುವವರಿಲ್ಲ: ಕೈಯಲ್ಲಿ ಬೀಗವಿಲ್ಲದೆ ಇಂಟರ್ಪ್ರಿಟರ್‌ನೊಳಗೆ ನುಗ್ಗಿದಂತೆ. ಆ ಎರಡು ಮ್ಯಾಕ್ರೋಗಳ ನಡುವೆ ಪೈಥಾನ್ ಆಬ್ಜೆಕ್ಟುಗಳ ಸುದ್ದಿಗೂ ಹೋಗಬಾರದು. ಬಫರಿನ ಪಾಯಿಂಟರನ್ನು ಮೊದಲೇ ಎತ್ತಿಟ್ಟುಕೊಂಡಿರಬೇಕು.

ಇನ್ನು ಎರ್ನೋ. ಕರೆ ಏಕೆ ಕೆಟ್ಟಿತು ಎಂಬ ಕಾರಣ ಕುಳಿತಿರುವುದು ಇದರಲ್ಲಿ, ಅದೂ ಮುಂದಿನ ಕರೆ ಬರುವ ತನಕ ಮಾತ್ರ. ಗೆದ್ದ ಕರೆ ಇದನ್ನು ಸೊನ್ನೆ ಮಾಡುವುದಿಲ್ಲ, ಕೆಡಿಸಬಾರದೆಂಬ ನಿಯಮವೂ ಇಲ್ಲ. ರೀಡ್ ಕೆಟ್ಟಿತು, ನೀವು ಸಭ್ಯರಾಗಿ ಫೈಲನ್ನು ಕ್ಲೋಸ್ ಮಾಡಿ ಆಮೇಲೆ ಎರ್ನೋ ನೋಡಿ ಎಕ್ಸೆಪ್ಷನ್ ಎತ್ತುವ ಪೈಎರ್_ಸೆಟ್‌ಫ್ರಮ್‌ಎರ್ನೋ ಕರೆದಿರಿ ಎನ್ನಿ. ಕ್ಲೋಸ್ ಕೂಡ ಕೆಟ್ಟಿದ್ದರೆ ಬಳಕೆದಾರನಿಗೆ ಸಿಗುವುದು ಅದರ ಗೋಳು. ಏನಾಯಿತು ನೋಡೋಣವೆಂದು ನಡುವೆ ಪ್ರಿಂಟ್‌ಎಫ್ ಹಾಕುವುದು ಇನ್ನೂ ಸೊಗಸು. ಹಳೆಯ ಸಿ ಲೈಬ್ರರಿಗಳಲ್ಲಿ ಪ್ರಿಂಟ್‌ಎಫ್ ಮೊದಲ ಸಲ ಓಡುವಾಗ ಔಟ್‌ಪುಟ್ ಹೋಗುವುದು ಟರ್ಮಿನಲ್ಲಿಗೋ ಫೈಲಿಗೋ ಎಂದು ವಿಚಾರಿಸುತ್ತಿತ್ತು. ಫೈಲಾದರೆ ಎರ್ನೋದಲ್ಲಿ 'ಇದು ಟೈಪ್‌ರೈಟರ್ ಅಲ್ಲ' ಎಂಬ ಕೋಡ್ ಉಳಿಯುತ್ತಿತ್ತು. ಡಿಸ್ಕ್ ತುಂಬಿದ್ದಕ್ಕೂ ಟೈಪ್‌ರೈಟರಿಗೂ ಏನು ನಂಟೆಂದು ತಲೆ ಕೆರೆದುಕೊಂಡವರು ಕಮ್ಮಿಯೇನಲ್ಲ. ರೀಡ್ ಮುಗಿದ ಮರುಸಾಲಿನಲ್ಲೇ ಎರ್ನೋವನ್ನು ಒಂದು ಇಂಟ್‌ಗೆ ನಕಲು ಮಾಡಿಟ್ಟುಕೊಂಡು, ಎಕ್ಸೆಪ್ಷನ್ ಎತ್ತುವ ಮುಂಚೆ ವಾಪಸು ಇಡಬೇಕು.

ಎರ್ನೋದಲ್ಲಿ ಇಐಎನ್‌ಟಿಆರ್ ಎಂಬ ಕೋಡ್ ಕಂಡರೆ ನಿಜವಾಗಿ ಏನೂ ಕೆಟ್ಟಿಲ್ಲ. ನಡುವೆ ಸಿಗ್ನಲ್ ಬಂತು, ಅಷ್ಟೇ. ಮೊದಲು ಪೈಎರ್_ಚೆಕ್‌ಸಿಗ್ನಲ್ಸ್ ಕರೆಯಬೇಕು. ಅದು -1 ಕೊಟ್ಟರೆ ಕಂಟ್ರೋಲ್-ಸಿ ಒತ್ತಿದವರ ಮರ್ಯಾದೆಗೆ ಕೆಲಸ ಬಿಟ್ಟು ಹೊರಡಬೇಕು; ಇಲ್ಲವಾದರೆ ರೀಡನ್ನು ಮತ್ತೆ ಕರೆಯಬೇಕು. 2015ರಲ್ಲಿ ಬಂದ ಪೈಥಾನ್ 3.5ರಿಂದ ಸ್ಟ್ಯಾಂಡರ್ಡ್ ಲೈಬ್ರರಿ ಇದನ್ನು ತಾನೇ ಮಾಡುತ್ತದೆ, ನಿಮ್ಮ ಸ್ವಂತ ರ‍್ಯಾಪರಿಗೆ ಮಾತ್ರ ನೀವೇ ದಿಕ್ಕು.

ಈ ಪಾಠ ಬಾಯಿಪಾಠವಾಗಿ ಕ್ಲೋಸ್‌ಗೂ ಅದೇ ಲೂಪ್ ಹಾಕುವವರಿಂದ ದೇವರೇ ಕಾಪಾಡಬೇಕು. ಲಿನಕ್ಸ್‌ನಲ್ಲಿ ಕ್ಲೋಸ್ ಇಐಎನ್‌ಟಿಆರ್ ಎಂದರೂ ಡಿಸ್ಕ್ರಿಪ್ಟರ್ ಅಷ್ಟರಲ್ಲಿ ಬಿಡುಗಡೆಯಾಗಿರುತ್ತದೆ. ಖಾಲಿಯಿರುವ ಅತಿ ಚಿಕ್ಕ ಸಂಖ್ಯೆಯನ್ನೇ ಮುಂದಿನವರಿಗೆ ಕೊಡುವುದು ಯೂನಿಕ್ಸ್ ಪದ್ಧತಿ. ನೀವು 7 ಮುಚ್ಚಿದಿರಿ. ಇನ್ನೊಂದು ಥ್ರೆಡ್ ಹೊಸ ಗಿರಾಕಿಯ ಸಾಕೆಟ್ಟಿಗೆ 7 ಪಡೆಯಿತು. ನೀವು ಹಟಕ್ಕೆ ಬಿದ್ದು 7 ಅನ್ನು ಮತ್ತೆ ಮುಚ್ಚಿದಿರಿ. ಗಿರಾಕಿ ಮಾತಿನ ಮಧ್ಯೆ ಮಾಯ. ಲಾಗ್ ನೋಡಿದವರು ಬೈಯುವುದು ನೆಟ್‌ವರ್ಕಿನವರನ್ನು.

-1 ಎಂದರೆ ಸೋಲು ಎಂಬುದೂ ಎಲ್ಲ ಕಡೆ ನಡೆಯುವುದಿಲ್ಲ. ಪ್ರೋಗ್ರಾಮಿನ ಆದ್ಯತೆ ಬದಲಿಸುವ ನೈಸ್ ಎಂಬ ಕರೆ ಹೊಸ ಆದ್ಯತೆಯನ್ನೇ ಹಿಂತಿರುಗಿಸುತ್ತದೆ, -20ರಿಂದ 19ರೊಳಗೆ. -1 ಅಲ್ಲಿ ಗೆಲುವಿನ ಉತ್ತರವೂ ಹೌದು. ಫೋಲ್ಡರಿನಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಕೊಡುವ ರೀಡ್‌ಡಿರ್ ಫೋಲ್ಡರ್ ಮುಗಿದರೂ ನಲ್, ಕೆಟ್ಟರೂ ನಲ್. ಎರಡಕ್ಕೂ ಮದ್ದು ಒಂದೇ: ಕರೆಯುವ ಮುಂಚೆ ಎರ್ನೋವನ್ನು ಸೊನ್ನೆ ಮಾಡಿ, ಆಮೇಲೆ ಅದನ್ನೂ ನೋಡಿ ತೀರ್ಮಾನಿಸುವುದು.

ಓಪನ್‌ಗೆ ರ‍್ಯಾಪರ್ ಬರೆಯುವವರು ಟೆಸ್ಟಿಗೆ ಇಂಗ್ಲಿಷ್ ಹೆಸರಿನ ಫೈಲನ್ನಷ್ಟೇ ಕೊಟ್ಟು ನಿಶ್ಚಿಂತರಾಗುತ್ತಾರೆ. ಅಲ್ಲಿ ಅಕ್ಷರವೂ ಬೈಟೂ ಲೆಕ್ಕದಲ್ಲಿ ಒಂದೇ. 'ಕರ್ನಾಟಕ' ಎಂದು ಹೆಸರಿಡಿ: ಓದುವವರಿಗೆ ನಾಲ್ಕು ಅಕ್ಷರ, ಚಿಹ್ನೆಗಳನ್ನೂ ಬೇರೆಬೇರೆ ಎಣಿಸುವ ಪೈಥಾನಿಗೆ ಉದ್ದ 7, ಯುಟಿಎಫ್-8ರಲ್ಲಿ 21 ಬೈಟ್. ಪೈಥಾನ್ ಹೇಳಿದ 7ಕ್ಕೆ ಒಂದು ಸೇರಿಸಿ 8 ಬೈಟ್ ಜಾಗ ಮ್ಯಾಲಕ್ ಮಾಡಿ ಸ್ಟ್ರಿಂಗ್ ನಕಲು ಮಾಡಿದರೆ, ಕೊನೆಯ ಸೊನ್ನೆಯೂ ಸೇರಿ 14 ಬೈಟ್ ಪಕ್ಕದ ಜಾಗಕ್ಕೆ ಹರಿಯುತ್ತದೆ. ಕ್ರ್ಯಾಶ್ ಆಗುವುದು ಅಲ್ಲೇ ಎಂದುಕೊಳ್ಳಬೇಡಿ. ಎಷ್ಟೋ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಮೆಮೊರಿ ಹಿಂತಿರುಗಿಸುವ ಇನ್ಯಾವುದೋ ಫ್ರೀಯಲ್ಲಿ. ಅಳತೆಯ ಗೋಜೇ ಬೇಡವೆಂದರೆ ಪೈಯೂನಿಕೋಡ್_ಎಫ್‌ಎಸ್‌ಕನ್ವರ್ಟರ್ ಇದೆ: ಬೈಟ್ಸ್ ಆಬ್ಜೆಕ್ಟ್ ಕೊಡುತ್ತದೆ, ಹೆಸರಿನ ನಡುವೆ ನಲ್ ಬೈಟ್ ಸೇರಿಕೊಂಡಿದ್ದರೆ ವ್ಯಾಲ್ಯೂಎರರ್ ಎತ್ತುತ್ತದೆ, ಕೆಲಸ ಮುಗಿದ ಮೇಲೆ ಡಿಕ್‌ರೆಫ್ ಮಾಡಿ ಅದನ್ನು ಬಿಟ್ಟುಕೊಡುವುದಷ್ಟೇ ನಿಮ್ಮ ಪಾಲು. ಅಂದಹಾಗೆ, ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ಮಿನಲ್ಲಿ ಒಂದು ಹೆಸರಿಗೆ ಸಿಗುವುದು 255 ಬೈಟ್. ಕನ್ನಡದಲ್ಲಿ ಒತ್ತು, ಗುಣಿತ, ಅರ್ಧಾಕ್ಷರದ ವಿರಾಮಗಳೆಲ್ಲ ಸೇರಿ 85 ಚಿಹ್ನೆ. ಮದುವೆ ಕರೆಯೋಲೆಯ ತಲೆಬರಹವನ್ನೇ ಫೈಲಿನ ಹೆಸರಾಗಿಟ್ಟವರಿಗೆ -1 ಬರುತ್ತದೆ, ಎರ್ನೋದಲ್ಲಿ 36: ಹೆಸರು ಉದ್ದವಾಯಿತು.